ಬಿಸಿಲಿಗಿಟ್ಟ ಎರಡು ಸೆಲ್ಲು

ಮಧ್ಯಾಹ್ನ ಎರಡು ಗಂಟೆ ಇಪ್ಪತ್ತು ನಿಮಿಷ. ಗೋಡೆ ಗಡಿಯಾರ ನೋಡಿಕೊಂಡೇ ನಾನು ರಿಮೋಟಿನ ಬೆನ್ನ ಮುಚ್ಚಳ ಸರಿಸಿ ಎರಡೂ ಸೆಲ್ಲು ಹೊರತೆಗೆದೆ. ಅರ್ಧ ಗಂಟೆ ಬಿಸಿಲಿಗಿಟ್ಟು, ಮೂರರೊಳಗೆ ಮರಳಿ ಹಾಕಬೇಕು ಎಂದು ಲೆಕ್ಕ. ಅಪ್ಪ ಊಟ ಮಾಡಿ ಮಂಚದ ಮೇಲೆ ಮಂಪರಿನಲ್ಲಿದ್ದರು. ರಿಮೋಟು ಅವರ ಎಡಗೈಯಿಂದ ಜಾರಿ ಹೊದಿಕೆಯ ಮೇಲೆ ಬಿದ್ದಿತ್ತು. ಸೆಲ್ಲು ತೆಗೆದಾದ ಮೇಲೆ ಮುಚ್ಚಳ ಹಾಕಿ, ಖಾಲಿ ರಿಮೋಟನ್ನು ಮೆಲ್ಲಗೆ ಅವರ ಬೆರಳುಗಳ ನಡುವೆ ಮತ್ತೆ ಇಟ್ಟೆ. ಎಚ್ಚರಾದಾಗ ಅದು ಕೈಯಲ್ಲಿ ಇಲ್ಲದಿದ್ದರೆ ಗಾಬರಿಯಾಗುತ್ತಾರೆ ಎಂದು.

ಸೆಲ್ಲು ತೆಗೆದದ್ದು ತಪ್ಪಲ್ಲ, ಎಲ್ಲರ ಮನೆಯಲ್ಲೂ ತೆಗೆಯುತ್ತಿದ್ದರು. ಖಾಲಿಯಾದದ್ದನ್ನು ತಿರುಗಿ ಕೈಗೆ ಕೊಟ್ಟೆನಲ್ಲ, ಅದು. ಇಷ್ಟು ವರ್ಷಗಳಾದರೂ ನನ್ನ ಮನಸ್ಸು ಹೋಗಿ ನಿಲ್ಲುವುದು ಅದೇ ಕ್ಷಣದಲ್ಲಿ. ಅವರ ಬೆರಳು ಬೆಚ್ಚಗಿದ್ದವು. ನಿದ್ದೆಯಲ್ಲೇ ರಿಮೋಟನ್ನು ಹಿಡಿದುಕೊಂಡರು.

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಾವಿದ್ದದ್ದು ಖಾನಾಪುರದಲ್ಲಿ. ಅಪ್ಪ ಊರಿನ ಹೆಂಚಿನ ಕಾರ್ಖಾನೆಯಲ್ಲಿ ಭಟ್ಟಿಯ ಮೇಸ್ತ್ರಿ. ಹಸಿ ಹೆಂಚು ಜೋಡಿಸಿದ ಭಟ್ಟಿಗೆ ಯಾವಾಗ ಬೆಂಕಿ ಏರಿಸಬೇಕು, ಯಾವಾಗ ಇಳಿಸಬೇಕು ಎನ್ನುವುದನ್ನು ಹೊಗೆಯ ಬಣ್ಣ ನೋಡಿ, ಕೆಲವು ಸಲ ಬರೀ ವಾಸನೆಯಿಂದ ಹೇಳುವವರು. ಅವರ ದನಿ ಅಂಗಳದ ಈ ತುದಿಯಿಂದ ಆ ತುದಿಗೆ ಮುಟ್ಟುತ್ತಿತ್ತು. ಮಣ್ಣು ತುಳಿಯುವವರು ಉದಾಸೀನ ಮಾಡಿದರೆ ಕೈಗೆ ಸಿಕ್ಕ ಮಣ್ಣಿನ ಹೆಂಟೆ ಎಸೆಯುತ್ತಿದ್ದರು. ಗುರಿ ತಪ್ಪುತ್ತಿರಲಿಲ್ಲ ಎಂದು ಕಾರ್ಖಾನೆಯವರು ಈಗಲೂ ನಗುತ್ತಾರೆ. ಇಂಥವರಿಗೆ ಐವತ್ತೇಳನೆಯ ವಯಸ್ಸಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಹೋದವು; ಜೊತೆಗೆ ಮಾತೂ ಹೋಯಿತು. ಉಳಿದದ್ದು ಗಂಟಲಿನಿಂದ ಬರುವ ಒಂದು ಸಣ್ಣ ಸ್ವರ. ಪಕ್ಕದ ಕೋಣೆಗೂ ಕೇಳದಂಥದ್ದು.

ಅಣ್ಣ ರೈಲ್ವೆಯಲ್ಲಿ ಕ್ಲರ್ಕ್. ಆ ವರ್ಷ ಅವನಿಗೆ ಗುಂಜಿ ಸ್ಟೇಷನ್ನಿನಲ್ಲಿ ಡ್ಯೂಟಿ. ಗೋವಾದ ಗಾಡಿಗಳ ಗಾರ್ಡುಗಳೆಲ್ಲ ಅವನಿಗೆ ಪರಿಚಯ. ಅವರ ಮೂಲಕ ವಾಸ್ಕೊದಲ್ಲಿ ಹಡಗಿನ ಕೆಲಸಗಾರನೊಬ್ಬ ಮಾರುತ್ತಿದ್ದ ಜಪಾನಿನ ಹಳೆಯ ರಿಸೀವರ್ ಒಂದನ್ನು ಕೊಂಡು ತಂದ. ಇವತ್ತು ಎಲ್ಲರೂ ಹೋಮ್ ಥಿಯೇಟರ್ ಎನ್ನುತ್ತಾರಲ್ಲ, ಅದರ ಅಜ್ಜನಂಥದ್ದು. ಕರಿ ಡಬ್ಬಿ, ಮುಂದೆ ಉದ್ದಕ್ಕೆ ದೀಪಗಳು, ಎರಡು ದೊಡ್ಡ ಸ್ಪೀಕರ್, ಬಲಗಡೆ ಅಂಗೈ ಅಗಲದ ವಾಲ್ಯೂಮಿನ ತಿರುಪು. ನಮ್ಮೂರಿನ ಕರೆಂಟು ಅದಕ್ಕೆ ಹೆಚ್ಚು, ಹಾಗಾಗಿ ನಡುವೆ ಕರೆಂಟು ಇಳಿಸುವ ಒಂದು ಟ್ರಾನ್ಸ್‌ಫಾರ್ಮರ್ ಡಬ್ಬಿ. ಮತ್ತು ರಿಮೋಟು.

ರಿಮೋಟು ಒತ್ತಿದರೆ ಆ ತಿರುಪು ಯಾರೂ ಮುಟ್ಟದೆ ತಾನಾಗಿ ಗುರ್‍ರ್ ಎಂದು ತಿರುಗುತ್ತಿತ್ತು. ನೋಡಲು ಓಣಿಯ ಮಂದಿಯೆಲ್ಲ ಬಂದರು. ಬಾಜು ಮನೆಯ ಮಾವಶಿ ಬಾಗಿಲಲ್ಲೇ ನಿಂತು ಸೆರಗು ಬಾಯಿಗೊತ್ತಿದಳು.

"ಅಗ ಬಾಯಿ! ಒಳಗ ಯಾರರೆ ಕುಂತಾರೇನ ಅದನ್ನ ತಿರುವಾಕ?"

"ಯಾರೂ ಇಲ್ಲ ಮಾವಶಿ, ಸಣ್ಣ ಮೋಟರ್ ಐತಿ," ಎಂದೆ.

"ಮೋಟರ್ ಇರ್ಲಿ, ಮುನಸಿಪಾಲ್ಟಿ ಇರ್ಲಿ. ನಾಳಿ ಅಮಾಸಿ ಐತಿ, ಒಂದ ನಿಂಬಿಹಣ್ಣ ಕಟ್ರಿ."

ಅಪ್ಪ ನಕ್ಕರು. ಬಾಯಿಯ ಒಂದು ಬದಿ ಮಾತ್ರ ಮೇಲಕ್ಕೆ ಹೋಯಿತು. ಲಕ್ವಾ ಹೊಡೆದ ಮೇಲೆ ಅವರು ನಕ್ಕದ್ದು ಅದೇ ಮೊದಲು.

ರೇಡಿಯೋ ಕೇಳಲಿ ಎಂದು ಅಣ್ಣ ತಂದದ್ದು. ಅಪ್ಪ ಅದನ್ನು ಬೇರೆಯದಕ್ಕೆ ಉಪಯೋಗಿಸಿಕೊಂಡರು. ಒಂದು ದಿನ ಅವ್ವ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಾಗ ಧಾರವಾಡದ ರೇಡಿಯೋ ಒಮ್ಮೆಲೇ ಮನೆ ನಡುಗುವಷ್ಟು ಜೋರಾಯಿತು. ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಅಪ್ಪ ದನಿ ಇಳಿಸಿ, ಕಣ್ಣಿನಿಂದ ನೀರಿನ ತಂಬಿಗೆ ತೋರಿಸಿದರು. ಅಂದಿನಿಂದ ಅದೊಂದು ಭಾಷೆಯಾಯಿತು. ಒಂದು ಸಲ ದನಿ ಏರಿಸಿ ಇಳಿಸಿದರೆ ಯಾರಾದರೂ ಬರ್ರಿ ಎಂದು. ಎರಡು ಸಲವಾದರೆ ನೀರು. ರೇಡಿಯೋ ಪೂರ್ತಿ ಮೂಕವಾದರೆ ಶೌಚದ ಪಾಟು ತರಬೇಕು. ಅವರಿಗೆ ನಾಚಿಕೆಯ ಕೆಲಸಕ್ಕೆ ಸದ್ದಿಲ್ಲದ ಗುಂಡಿ. ಯಾರೂ ಕಲಿಸಿದ್ದಲ್ಲ, ಅವರೇ ಮಾಡಿಕೊಂಡದ್ದು. ಎಡಗೈ ಒಂದೇ ಒಂದು ಅವರ ಮಾತನ್ನು ಕೇಳುತ್ತಿತ್ತು, ಅದರ ಹೆಬ್ಬೆರಳಿನಿಂದ ಅವರು ಮನೆಯನ್ನು ಮತ್ತೆ ಆಳತೊಡಗಿದರು. ಅವ್ವ ಯಾರೊಂದಿಗಾದರೂ ಬಾಗಿಲಲ್ಲಿ ನಿಂತು ಬಹಳ ಹೊತ್ತು ಹರಟಿದರೆ ದನಿ ಏರುತ್ತಿತ್ತು.

"ನಿಮ್ಮ ಯಜಮಾನ್ರಿಗಿ ಲಕ್ವಾ ಹೊಡದ್ರೂ ಜೋರ ಕಡಿಮಿ ಆಗಿಲ್ಲ ನೋಡ," ಎನ್ನುತ್ತಿದ್ದಳು ಮಾವಶಿ.

"ಮದಲ ಬಾಯಿಲೆ ಬೈತಿದ್ರು, ಈಗ ಮಷಿನ್‌ಲೆ ಬೈತಾರ," ಎನ್ನುತ್ತಿದ್ದಳು ಅವ್ವ. ಹೇಳುವಾಗ ಅವಳ ಮುಖದಲ್ಲಿ ಖುಷಿ ಇರುತ್ತಿತ್ತು.

ಅವ್ವ ಆ ಡಬ್ಬಿಗೆ ಮುಸುಕು ಹೆಣೆದಳು. ನಮ್ಮ ಕಡೆ ಮನೆಗೆ ಯಾವ ವಸ್ತು ಬಂದರೂ ಅದಕ್ಕೊಂದು ಕ್ರೋಶಾದ ಬಟ್ಟೆ ಬೇಕು. ರೇಡಿಯೋಕ್ಕೆ, ಹೊಲಿಗೆ ಮಷಿನ್ನಿಗೆ, ನೀರಿನ ಕೊಡಕ್ಕೆ ಕೂಡ. ಬರಿ ಮೈಯಲ್ಲಿ ಇಟ್ಟರೆ ಬಡತನ ಕಾಣುತ್ತದೆ ಎನ್ನುವ ನಂಬಿಕೆ. ಹೆಂಚಿನ ಕಾರ್ಖಾನೆಯ ಕೆಂಪು ಧೂಳು ಬೇರೆ. ಕೆಳಗೆ ಪ್ಲಾಸ್ಟಿಕ್ ಹಾಳೆ, ಮೇಲೆ ಬಿಳಿ ಕ್ರೋಶಾ, ರಿಸೀವರಿಗೂ ಟ್ರಾನ್ಸ್‌ಫಾರ್ಮರಿಗೂ ಸೇರಿಸಿ ಒಂದೇ ಮುಸುಕು. ಆದರೆ ರಿಮೋಟಿನ ಬೆಳಕು ಬೀಳುವ ಕಣ್ಣು ಮುಂದುಗಡೆ ಇತ್ತಲ್ಲ, ಅದು ಮುಚ್ಚಿದರೆ ಕೆಲಸ ಮಾಡುವುದಿಲ್ಲ ಎಂದು ನಾನೇ ಹೇಳಿದೆ. ಅವ್ವ ಆ ಜಾಗದಲ್ಲಿ ಎಂಟಾಣೆಯಷ್ಟು ತೂತು ಬಿಟ್ಟು, ಸುತ್ತ ಕೆಂಪು ದಾರದಿಂದ ಗುಂಡಿಮನೆಯ ಹಾಗೆ ಹೊಲಿದಳು. ಎಷ್ಟು ಚಂದ ಹೊಲಿದಿದ್ದಳೆಂದರೆ ಬಂದವರಿಗೆಲ್ಲ ತೋರಿಸುತ್ತಿದ್ದೆ. ನಾನು ಬೆಳಗಾವಿಗೆ ರೈಲಿನಲ್ಲಿ ಓಡಾಡಿ ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದವಳು. ಕಣ್ಣಿಗೆ ತೂತು ಬೇಕೆಂದು ನೆನಪಾಯಿತು. ಮೇಲಿನ ಗಾಳಿಕಿಂಡಿಗಳು ನೆನಪಾಗಲಿಲ್ಲ.

ರಿಮೋಟಿನ ಪೆನ್ಸಿಲ್ ಸೆಲ್ಲು ಆಗ ಖಾನಾಪುರದ ಅಂಗಡಿಗಳಲ್ಲಿ ಸಿಗುತ್ತಿರಲಿಲ್ಲ. ಟಾರ್ಚ್ ಬ್ಯಾಟರಿಗೆ ಹಾಕುವ ದಪ್ಪ ಸೆಲ್ಲು ಸಿಗುತ್ತಿತ್ತು, ಇವು ಬೆಳಗಾವಿಯಿಂದಲೇ ಬರಬೇಕು. ಅಪ್ಪ ಒತ್ತುತ್ತಿದ್ದ ರೀತಿಗೆ ತಿಂಗಳು ತುಂಬುವುದರೊಳಗೆ ಸೋಲುತ್ತಿದ್ದವು. ಅಣ್ಣ ಶನಿವಾರ ತರುವವನಿದ್ದ. ಅವತ್ತು ಗುರುವಾರ. ಬೆಳಗಿನಿಂದ ಅಪ್ಪ ಎರಡು ಮೂರು ಸಲ ಒತ್ತಿದರೆ ಒಮ್ಮೆ ತಿರುಪು ತಿರುಗುತ್ತಿತ್ತು. ಸೋತ ಸೆಲ್ಲನ್ನು ಬಿಸಿಲಿಗೆ ಕಾಯಿಸಿದರೆ ಇನ್ನೆರಡು ದಿನ ಬಾಳುತ್ತದೆ. ನಮ್ಮ ಓಣಿಯಲ್ಲಿ ಟ್ರಾನ್ಸಿಸ್ಟರ್ ಇದ್ದ ಪ್ರತಿ ಮನೆಯ ಕಟ್ಟೆಯ ಮೇಲೂ ಹಪ್ಪಳದ ಬಾಜು ಸೆಲ್ಲು ಒಣಗುತ್ತಿದ್ದವು.

ಅವ್ವ ಖಾರದ ಮೆಣಸಿನಕಾಯಿ ಕುಟ್ಟಿಸಲು ಗಿರಣಿಗೆ ಹೋಗಿದ್ದಳು. ಬೇಸಿಗೆಯಲ್ಲಿ ವರ್ಷದ ಖಾರ ಕುಟ್ಟಿಸಬೇಕು, ಪಾಳಿ ಬರಲು ಮೂರು ತಾಸು. ನಾನು ಹಿತ್ತಲಿಗೆ ಬಂದು ಸೆಲ್ಲುಗಳನ್ನು ಒಗೆಯುವ ಕಲ್ಲಿನ ತುದಿಗೆ ಇಟ್ಟೆ. ಅಪ್ಪನ ಹಾಸಿಗೆಯ ಚಾದರ ಒಗೆಯುವುದಿತ್ತು. ಒಳಗೆ ರೇಡಿಯೋ ಹಾಡುತ್ತಿತ್ತು. ಚಾದರ ಎತ್ತಿ ಕಲ್ಲಿಗೆ ಬಡಿಯುವುದು, ಹಿಂಡುವುದು, ಮತ್ತೆ ಬಡಿಯುವುದು. ಬಡಿತದ ನಡುವೆ ಹಾಡು ತುಂಡು ತುಂಡಾಗಿ ಕೇಳುತ್ತಿತ್ತು.

ಆಮೇಲೆ ಕೇಳಲಿಲ್ಲ.

ಕೈ ನಿಲ್ಲಿಸಿ ಆಲಿಸಿದೆ. ರೇಡಿಯೋ ಮೂಕ. ಪಾಟು ಬೇಕಾಗಿದೆ ಅಪ್ಪನಿಗೆ, ಎಂದುಕೊಂಡೆ. "ಬಂದ್ನಿರೀ ಅಪ್ಪಾ," ಎಂದು ಹಿತ್ತಲಿನಿಂದಲೇ ಕೂಗಿದೆ. ಕೂಗಿ, ಚಾದರ ನೀರಲ್ಲಿ ಅದ್ದಿ ತೆಗೆದೆ. ಇನ್ನೊಮ್ಮೆ ಅದ್ದಿದೆ. ಹಿಂಡತೊಡಗಿದೆ. ದೊಡ್ಡ ಚಾದರ, ಒಂದು ತುದಿ ಕಾಲಲ್ಲಿ ಒತ್ತಿ ಹಿಡಿದು ಇನ್ನೊಂದು ತುದಿಯಿಂದ ತಿರುಚುತ್ತ ಬರಬೇಕು. ಅರ್ಧ ಹಿಂಡಿದಾಗ ಕಣ್ಣು ಕಲ್ಲಿನ ತುದಿಗೆ ಹೋಯಿತು. ಎರಡು ಸೆಲ್ಲುಗಳು ಬಿಸಿಲಿನಲ್ಲಿ ಒಂದರ ಬಾಜು ಒಂದು ಮಲಗಿದ್ದವು.

ಸೆಲ್ಲು ಇಲ್ಲಿವೆ. ಹಾಗಾದರೆ ರೇಡಿಯೋ ಮೂಕ ಮಾಡಿದವರು ಯಾರು?

ಹೇಗೆ ಓಡಿದೆನೋ ನೆನಪಿಲ್ಲ. ಚಾದರ ಹೆಗಲ ಮೇಲೆ ಇತ್ತು, ನೀರು ಸುರಿಯುತ್ತಿತ್ತು. ಅಡುಗೆಮನೆ ದಾಟುವಾಗಲೇ ಮೂಗಿಗೆ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಡಿಯಿತು. ಮುಂದಿನ ಕೋಣೆಯಲ್ಲಿ ಹೊಗೆ ಸೊಂಟದ ಮಟ್ಟಕ್ಕೆ ಇಳಿದಿತ್ತು. ಡಬ್ಬಿ ಇಟ್ಟಿದ್ದ ಗೋಡೆಯ ಹಲಗೆಯ ಮೇಲೆ ಮುಸುಕು ಉರಿಯುತ್ತಿತ್ತು, ಕಿಟಕಿಯ ಪರದೆಗೆ ಆಗಲೇ ಹತ್ತಿತ್ತು. ಮಂಚ ಖಾಲಿ.

ಅಪ್ಪ ನೆಲದ ಮೇಲಿದ್ದರು. ಮಂಚದ ಬುಡದಲ್ಲಿ ಅಲ್ಲ. ಬೆಂಕಿಯ ಕಡೆಗೆ ನಾಲ್ಕು ಮೊಳ ಮುಂದೆ. ಸತ್ತ ಬಲಬದಿಯನ್ನು ಎಳೆದುಕೊಂಡು, ಮೊಣಕೈ ಊರಿಕೊಂಡು, ಉರಿಯುವ ಡಬ್ಬಿಯ ಕೆಳಕ್ಕೇ ಹೋಗಿದ್ದರು. ಎಡಗೈ ಮೇಲಕ್ಕೆತ್ತಿ ರಿಮೋಟನ್ನು ಆ ಕೆಂಪು ದಾರದ ತೂತಿಗೆ ಗುರಿ ಹಿಡಿದು ಒತ್ತುತ್ತಿದ್ದರು. ಒತ್ತುತ್ತಲೇ ಇದ್ದರು. ಕರಗಿದ ಪ್ಲಾಸ್ಟಿಕ್ಕು ಹನಿಹನಿಯಾಗಿ ಅವರ ಮೊಣಕೈ ಕೆಳಗಿನ ತೋಳಿನ ಮೇಲೆ ಬೀಳುತ್ತಿತ್ತು.

ದೂರದಿಂದ ಮುಟ್ಟುತ್ತಿಲ್ಲ, ಸಮೀಪ ಹೋದರೆ ಮುಟ್ಟೀತು, ತಾವು ಕರೆದದ್ದು ಮಗಳಿಗೆ ಕೇಳೀತು ಎಂದು ಹೋಗಿದ್ದಾರೆ. ಸೆಲ್ಲು ಸೋತಾಗ ಹತ್ತಿರ ಹಿಡಿದರೆ ಕೆಲಸ ಮಾಡುತ್ತದೆ ಎಂದು ಅವರಿಗೆ ಹೇಳಿಕೊಟ್ಟವಳೂ ನಾನೇ.

ಬಾಗಿಲ ಮೇಲಿನ ಮೇನ್ ಸ್ವಿಚ್ ಎಳೆದೆ. ಹಸಿ ಚಾದರವನ್ನು ಹಲಗೆಯ ಮೇಲೆ ಬೀಸಿ ಒಗೆದೆ. ಚುಂಯ್ ಎಂದು ಬೂದಿಬಣ್ಣದ ಉಗಿ ಎದ್ದಿತು. ಪರದೆಯನ್ನು ಕೈಯಿಂದಲೇ ಕಿತ್ತು ಅಂಗಳಕ್ಕೆ ಎಸೆದೆ. ಅಷ್ಟರಲ್ಲಿ ಮಾವಶಿ ಕೊಡ ಹಿಡಿದು ಓಡಿ ಬಂದಿದ್ದಳು. "ದೇವಾ ದೇವಾ, ಮದಲ ಅಪ್ಪನ್ನ ಎಳಿ, ಅಪ್ಪನ್ನ!" ಎಂದು ಕಿರಿಚಿದಳು. ಇಬ್ಬರೂ ಅವರ ಕಂಕುಳಲ್ಲಿ ಕೈ ಹಾಕಿ ಹೊಸ್ತಿಲಾಚೆ ಎಳೆದೆವು. ಅವರು ನನ್ನ ಮುಖ ನೋಡಿದರು. ಆ ನೋಟವನ್ನು ಏನೆಂದು ಬರೆಯಲಿ? ಸಿಟ್ಟಲ್ಲ. ನೀನು ಮನೆಯಲ್ಲೇ ಇದ್ದೆಯಲ್ಲ, ಎನ್ನುವ ನೋಟ.

ಹೆಂಚು ತುಂಬಲು ಬಂದಿದ್ದ ಟೆಂಪೋದಲ್ಲಿ ಮಲಗಿಸಿಕೊಂಡು ಬೆಳಗಾವಿಯ ದವಾಖಾನೆಗೆ ಹೋದೆವು. ಮಾವಶಿಯ ಮಗ ಸ್ಟೇಷನ್ನಿಗೆ ಓಡಿ ಗುಂಜಿಗೆ ಫೋನು ಮಾಡಿಸಿದ. ಗಿರಣಿಯಿಂದ ಖಾರದ ಕೈಯಲ್ಲೇ ಬಂದ ಅವ್ವ ಕಣ್ಣೊರೆಸಿಕೊಂಡು ಕಣ್ಣುರಿಯಿಂದ ದಾರಿಯುದ್ದಕ್ಕೂ ಒದ್ದಾಡಿದಳು. ಅಪ್ಪನ ಮುಷ್ಟಿ ಬಿಚ್ಚಲು ಬರಲಿಲ್ಲ. ಇಪ್ಪತ್ತೈದು ಕಿಲೋಮೀಟರ್ ದಾರಿಯಲ್ಲಿ ಅವರ ಹೆಬ್ಬೆರಳು ಒತ್ತುತ್ತ ಹೋಯಿತು. ಟಕ್, ಟಕ್. ಸುಟ್ಟ ಗಾಯಕ್ಕೆ ಮುಲಾಮು ಹಚ್ಚುವಾಗ ನರ್ಸ್ ರಿಮೋಟು ತೆಗೆಯಹೋದಳು.

"ಬಿಡ್ರಿ ಅಜ್ಜಾರ, ಇದೇನ್ ಬಂಗಾರೇನು?"

ಬಿಡಲಿಲ್ಲ. ಕೊನೆಗೆ ಡಾಕ್ಟರು, "ಇರ್ಲಿ ಬಿಡಮ್ಮ, ಗಾಯ ಕೆಳಗ ಅದ, ಮುಷ್ಟಿ ಯಾಕ?" ಎಂದರು. ಮೂರು ದಿನ ಅಲ್ಲಿದ್ದೆವು. ಅವರು ಎಚ್ಚರವಿದ್ದಾಗಲೆಲ್ಲ ಅದೇ ಸದ್ದು. ಖಾಲಿ ರಿಮೋಟಿನ ಸದ್ದಿಗೂ ತುಂಬಿದ ರಿಮೋಟಿನ ಸದ್ದಿಗೂ ವ್ಯತ್ಯಾಸವಿದೆ. ಖಾಲಿಯದು ಸ್ವಲ್ಪ ಟೊಳ್ಳು. ಆ ವಾರ್ಡಿನಲ್ಲಿ ಅದು ಗೊತ್ತಿದ್ದದ್ದು ನನಗೊಬ್ಬಳಿಗೆ.

ಮೊದಲ ದಿನವೇ ಹೇಳಬಹುದಿತ್ತು. ಅಣ್ಣ ಬಂದವನೇ, "ರಿಮೋಟ್ ಇತ್ತಲಾ ಕೈಯಾಗ, ಯಾಕ ಒತ್ತಲಿಲ್ಲ ಇವ್ರು?" ಎಂದು ಕೇಳಿದ. "ಒತ್ಯಾರ, ಡಬ್ಬಿ ಸುಟ್ಟಿತ್ತಲಾ, ಹೆಂಗ ಕೇಳ್ತೈತಿ?" ಎಂದಳು ಅವ್ವ. ಅದು ಅರ್ಧ ನಿಜವೂ ಆಗಿತ್ತಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಪ್ಲಾಸ್ಟಿಕ್ಕು ಕರಗುವ ಮೊದಲು ಹೊಗೆ ಬಂದಿರುತ್ತದೆ, ಹೊಗೆಗಿಂತ ಮೊದಲು ವಾಸನೆ. ಭಟ್ಟಿಯ ಮೇಸ್ತ್ರಿಗೆ ವಾಸನೆ ತಿಳಿಯದೆ ಇರುತ್ತದೆಯೆ? ಡಬ್ಬಿ ಇನ್ನೂ ಹಾಡುತ್ತಿದ್ದಾಗಲೇ ಅವರು ಒತ್ತಿರುತ್ತಾರೆ. ಒಂದು ಸಲ ದನಿ ಏರಿದ್ದರೆ ನನಗೆ ಕೇಳುತ್ತಿತ್ತು.

ಮನೆಗೆ ಬಂದ ಮೇಲೆ ನಿದ್ದೆ ಹೋಯಿತು. ಅವರದೂ, ನಮ್ಮದೂ. ಡಬ್ಬಿ ರಿಪೇರಿಗೆ ಹೋಗಿತ್ತು. ಅಪ್ಪ ರಿಮೋಟಿನಿಂದ ಮಂಚದ ಪಟ್ಟಿಗೆ ಬಡಿಯುತ್ತಿದ್ದರು. ಹೋಗಿ ದೀಪ ಹಚ್ಚಿದರೆ ಏನೂ ಬೇಕಿಲ್ಲ.

"ನೀರು ಬೇಕೇನ್ರಿ? ಪಾಟ್ ತರ್ಲೇನು? ಮಗ್ಗಲಾ ಬದಲಿ ಮಾಡೂಣೇನು?" ಎಂದು ಅವ್ವ ಕೇಳುತ್ತಿದ್ದಳು. ಎಲ್ಲಕ್ಕೂ ಇಲ್ಲವೆಂದು ತಲೆ ಆಡಿಸಿ, ಬಂದವರ ಮುಖವನ್ನು ಒಮ್ಮೆ ನೋಡಿ ಕಣ್ಣು ಮುಚ್ಚುತ್ತಿದ್ದರು. ಅರ್ಧ ತಾಸಿಗೆ ಮತ್ತೆ ಬಡಿತ.

"ಏನೂ ಬ್ಯಾಡ ಇವ್ರಿಗೆ. ಬರ್ತಾರೋ ಇಲ್ಲೋ ನೋಡಾಕ ಕರೀತಾರ," ಎಂದಳು ಅವ್ವ.

ಅಪ್ಪ ತಿಳಿದಿರುವುದು ಇದು: ಕರೆದೆ, ಯಾರೂ ಬರಲಿಲ್ಲ. ಮಗಳು ಹಿತ್ತಲಲ್ಲೇ ಇದ್ದಳು. 'ಬಂದ್ನಿರೀ' ಎಂದು ಕೂಗಿಯೂ ಬರಲಿಲ್ಲ.

ಅಣ್ಣ ದಿನಾ ರಾತ್ರಿ ಗುಂಜಿಯಿಂದ ಮನೆಗೆ ಬರತೊಡಗಿದ; ಮೂವರೂ ಪಾಳಿ ಹಾಕಿಕೊಂಡು ಎದ್ದೆವು. ನನ್ನ ಪಾಳಿ ಇಲ್ಲದಾಗಲೂ ನಾನು ಮಲಗುತ್ತಿರಲಿಲ್ಲ. ಹಗಲು ಹಿತ್ತಲಲ್ಲಿ ಚಾದರ ಹಿಂಡುತ್ತ ಅಡುಗೆಮನೆಯ ಕಿಟಕಿಯಲ್ಲಿ ಗಡಿಯಾರ ಇಟ್ಟು ನೋಡಿದೆ. ಅದ್ದಿ, ಇನ್ನೊಮ್ಮೆ ಅದ್ದಿ, ಅರ್ಧ ಹಿಂಡುವುದಕ್ಕೆ ಒಂದೂವರೆ ನಿಮಿಷ. ಮರುದಿನ ಬೇರೆ ಚಾದರದಲ್ಲಿ ನೋಡಿದೆ. ಒಂದು ನಿಮಿಷ ನಲವತ್ತು ಸೆಕೆಂಡು. ಬೇಗ ಬೇಗ ಹಿಂಡಿ ನೋಡಿದೆ. ಒಂದು ನಿಮಿಷಕ್ಕಿಂತ ಕಡಿಮೆ ಮಾಡಲು ಆಗಲಿಲ್ಲ. ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಒಣಗಿದ್ದನ್ನ ಯಾಕ ಮತ್ತ ತೊಯ್ಸಾಕತ್ತಿ?"

"ಕಲೆ ಹೋಗಿಲ್ಲವ್ವಾ."

ಹನ್ನೆರಡನೆಯ ದಿನವೋ ಹದಿಮೂರನೆಯದೋ, ಅಣ್ಣನ ಜೊತೆ ಬೆಳಗಾವಿಗೆ ಡಬ್ಬಿ ತರಲು ಹೋದೆ. ಖಡೇಬಜಾರಿನ ಹಿಂದಿನ ಗಲ್ಲಿಯಲ್ಲಿ ರೇಡಿಯೋ ಮೆಕ್ಯಾನಿಕ್ ಚಾಚಾನ ಅಂಗಡಿ. ಇಬ್ಬರು ನಿಂತರೆ ಮೂರನೆಯವನು ಬೀದಿಯಲ್ಲಿ. ಕಣ್ಣಿಗೆ ದಪ್ಪ ಚಷ್ಮಾ, ಮೊಮ್ಮಗಳ ಜೊತೆ ದಖ್ಖನಿಯಲ್ಲಿ ಜಗಳಾಡುತ್ತ ನಮ್ಮ ಜೊತೆ ಕನ್ನಡದಲ್ಲಿ ಮಾತಾಡಿದ.

"ಬರ್ರಿ, ಕುಂದರ್ರಿ. ಸೆಟ್ಟಿಗೆ ಏನೂ ಆಗಿಲ್ರಿ ಸಾಹೇಬ್ರ. ಜಪಾನಿನ ಮಾಲು, ಗಟ್ಟಿ ಜೀವ. ಸುಟ್ಟಿದ್ದು ನಿಮ್ಮ ಟ್ರಾನ್ಸ್‌ಫಾರ್ಮರ್. ಮಧ್ಯಾಹ್ನ ಪಂಪ್ ಎಲ್ಲಾ ಬಂದ್ ಆದಾಗ ವೋಲ್ಟೇಜ್ ಏರ್ತೈತಿ, ಅದು ಕಾಯ್ತೈತಿ. ನೀವು ಅದರ ಮ್ಯಾಲ ಏನ್ ಹೊಚ್ಚಿದ್ರಿ?"

"ಅವ್ವ ಒಂದ ಕ್ರೋಶಾ ಹಾಕಿದ್ಲು," ಎಂದ ಅಣ್ಣ.

"ಒಂದ ಕ್ರೋಶಾ, ಕೆಳಗ ಒಂದ ಪ್ಲಾಸ್ಟಿಕ್. ಖರೇ ಹೇಳ್ರಿ. ಮದುವಿ ಹೆಣ್ಣಿನ ಹಂಗ ಮುಸುಕ್ ಹಾಕಿ ಉಸುರ ಕಟ್ಟಿಸೀರಿ ಅದಕ್ಕ. ದಿನಾ ಹತ್ತು ಮಂದಿ ಇದನ್ನ ಮಾಡ್ಕೊಂಡ ಬರ್ತಾರ. ನನ್ನ ಅನ್ನ ನಡಿಯೂದ ಇದರಿಂದ, ಅದು ಬ್ಯಾರೆ ಮಾತು."

ಅಣ್ಣ ಜೇಬಿನಿಂದ ರಿಮೋಟು ತೆಗೆದ. ಅಪ್ಪ ಮಲಗಿದ್ದಾಗ ಹೇಗೋ ಬಿಡಿಸಿಕೊಂಡು ಬಂದಿದ್ದ. "ಇದೂ ಹೋಗೇತಿ ಚಾಚಾ. ಬೆಂಕಿ ಹತ್ತಿದಾಗ ಕೆಲಸಾ ಮಾಡ್ಲಿಲ್ಲ."

ಚಾಚಾ ಬೆನ್ನು ತೆರೆದು ನೋಡಿ, ತನ್ನ ಡಬ್ಬಿಯಿಂದ ಎರಡು ಸೆಲ್ಲು ಹಾಕಿದ. ಒಂದು ಸಣ್ಣ ಟ್ರಾನ್ಸಿಸ್ಟರ್ ಹಚ್ಚಿ, ಸ್ಟೇಷನ್ ಇಲ್ಲದ ಜಾಗಕ್ಕೆ ಮುಳ್ಳು ತಿರುಗಿಸಿ, ರಿಮೋಟನ್ನು ಅದರ ಹತ್ತಿರ ಹಿಡಿದು ಒತ್ತಿದ. ಟ್ರಾನ್ಸಿಸ್ಟರಿನಿಂದ ಜೀರುಂಡೆಯ ಹಾಗೆ ಗಿರ್‍ರ್ ಗಿರ್‍ರ್ ಎಂದು ಬಂತು.

"ಕೇಳಿದ್ರೇನ? ಮಾತಾಡಾಕತ್ತೈತಿ. ಇದಕ್ಕೇನ ಧಾಡಿ? ಅವತ್ತ ಇದರಾಗ ಸೆಲ್ ಇದ್ವೇನ್ರಿ?"

ಅಣ್ಣ ನನ್ನ ಕಡೆ ತಿರುಗಿದ.

"ಇದ್ವು," ಎಂದೆ.

ಚಾಚಾ ಚಷ್ಮಾದ ಮೇಲಿಂದ ನನ್ನನ್ನು ನೋಡಿದ. ರಿಮೋಟಿನ ಮುಚ್ಚಳ ಒತ್ತಿ ಹಾಕಿ, ಅಂಗಿಗೆ ಒರೆಸಿ, ಅಣ್ಣನ ಕೈಗಲ್ಲ, ನನ್ನ ಕೈಗೆ ಕೊಟ್ಟ.

ಹೊಸ ಟ್ರಾನ್ಸ್‌ಫಾರ್ಮರನ್ನು ಅಪ್ಪನ ಕಾರ್ಖಾನೆಯ ಎರಡು ಹೆಂಚುಗಳ ಮೇಲೆ ಇಟ್ಟೆವು, ಮುಸುಕಿಲ್ಲದೆ. ಅಪ್ಪ ಒತ್ತಿದರು, ತಿರುಪು ತಿರುಗಿತು, ಮಾವಶಿ ಚಪ್ಪಾಳೆ ತಟ್ಟಿದಳು. ಇನ್ನಾದರೂ ಎಲ್ಲ ಸರಿಹೋಗುತ್ತದೆ ಎಂದುಕೊಂಡೆವು. ಹೋಗಲಿಲ್ಲ. ಈಗ ಬಡಿತದ ಬದಲು ದನಿ. ನಡುರಾತ್ರಿ ಸ್ಟೇಷನ್ ಮುಗಿದ ಮೇಲೂ ಬರೀ ಸುಂಯ್ ಎನ್ನುವ ಗಾಳಿಯ ಸದ್ದು ಏರುತ್ತಿತ್ತು, ನಾವು ಏಳುತ್ತಿದ್ದೆವು, ಅವರು ಮುಖ ನೋಡುತ್ತಿದ್ದರು. ಅಣ್ಣ ಡ್ಯೂಟಿಯಲ್ಲಿ ತೂಕಡಿಸಿ ಬೈಗುಳ ತಿಂದ. ಅವ್ವ ಹಗಲು ಕೂತಲ್ಲೇ ಜೋಲಿ ಹೊಡೆಯುತ್ತಿದ್ದಳು. ಒಮ್ಮೆ ಒಲೆಯ ಮುಂದೆಯೇ ಜೋಲಿ ಹೊಡೆದಳು. ಸೆರಗು ಕೆಂಡದಿಂದ ಗೇಣು ದೂರದಲ್ಲಿತ್ತು. ನಾನು ಎಳೆದು ಕೂರಿಸಿದೆ.

ಅಂದೇ ಹೇಳಿದೆ. ಅವ್ವ ಸುಟ್ಟುಕೊಂಡರೆ ಅದೂ ನನ್ನ ಲೆಕ್ಕಕ್ಕೇ.

ಮಧ್ಯಾಹ್ನ, ಅಪ್ಪನ ಊಟವಾದ ಮೇಲೆ. ಅವರ ಕೈಯಿಂದ ರಿಮೋಟು ಕೇಳಿ ತೆಗೆದುಕೊಂಡೆ. ಅವರು ನೋಡುತ್ತಿರುವಂತೆಯೇ ಮುಚ್ಚಳ ಸರಿಸಿ ಎರಡೂ ಸೆಲ್ಲು ಹೊರತೆಗೆದು, ಅವರ ಅಂಗೈಯಲ್ಲಿ ಇಟ್ಟೆ. ಖಾಲಿ ರಿಮೋಟು ಎದುರಿಗೆ ಹಿಡಿದು ತಿರುಪಿನ ಕಡೆ ಒತ್ತಿ ತೋರಿಸಿದೆ. ತಿರುಪು ಅಲುಗಲಿಲ್ಲ.

"ಅಪ್ಪಾ, ಅವತ್ತ ಇದು ಹಿಂಗ ಇತ್ರಿ. ಒಳಗ ಸೆಲ್ ಇರ್ಲಿಲ್ಲ. ನೀವು ಮಲಗಿದ್ರಿ, ನಾ ತಗದೆ. ಬಿಸಲಿಗೆ ಇಡಾಕ ತಗದೆ. ಖಾಲಿದ ನಿಮ್ಮ ಕೈಯಾಗ ಇಟ್ಟ ಹೋದೆ. ನೀವು ಕರದಿದ್ದ ನಂಗ ಕೇಳ್ಲೇ ಇಲ್ರಿ. ಕೇಳಿದ್ರ ಬರ್ತಿದ್ದೆ. ಚಾದರ ಅಲ್ಲೇ ಬಿಟ್ಟ ಬರ್ತಿದ್ದೆ."

ಅವರು ಅಂಗೈಯ ಸೆಲ್ಲುಗಳನ್ನು ನೋಡಿದರು. ಖಾಲಿ ರಿಮೋಟು ನೋಡಿದರು. ನನ್ನನ್ನು ನೋಡಿದರು. ಬಹಳ ಹೊತ್ತು. ಮುಖ ಮೆಲ್ಲಗೆ ಕೆಂಪಾಯಿತು. ಮಣ್ಣು ತುಳಿಯುವವರ ಮುಂದೆ ಆಗುತ್ತಿತ್ತಲ್ಲ, ಹಾಗೆ. ಎಡಗೈ ಎತ್ತಿ ಒಂದು ಸೆಲ್ಲು ನನ್ನ ಕಡೆ ಬೀಸಿ ಒಗೆದರು. ಎಡಗೈ ಆದರೂ ಗುರಿ ತಪ್ಪಲಿಲ್ಲ. ಭುಜದ ಮೂಳೆಗೆ ಬಡಿದು ಮಂಚದ ಕೆಳಗೆ ಉರುಳಿತು. ಇನ್ನೊಂದನ್ನೂ ಒಗೆದರು, ಅದು ಕೊರಳಿಗೆ ತಾಗಿತು. ಆಮೇಲೆ ಗೋಡೆಯ ಕಡೆ ಮುಖ ತಿರುಗಿಸಿಕೊಂಡರು.

ಅವ್ವ ಬಾಗಿಲಲ್ಲಿ ನಿಂತು ಎಲ್ಲ ಕೇಳಿದ್ದಳು.

"ಇಷ್ಟ ದಿನಾ ಇದನ್ನ ನುಂಗಿಕೊಂಡ ಕುಂತಿದ್ದೇನ?" ಎಂದಳು. ನಾನು ಅಳುತ್ತಿದ್ದೆ. ಅವಳು ಹತ್ತಿರ ಬಂದು ಕೊರಳಿನ ಕೆಂಪು ಗುರುತು ಸೆರಗಿನಿಂದ ಒತ್ತಿದಳು. "ಮುಸುಕ ಹೆಣದಾಕಿ ನಾ. ಎರಡ ತಿಂಗಳ ಕಣ್ಣ ಕಿತಗೊಂಡ ಹೆಣದೆ. ನನಗ ಏನ್ ಒಗೀಬೇಕು ಇವ್ರು, ಹೇಳ?"

ಸಂಜೆ ಊಟಕ್ಕೆ ನಾನು ತುತ್ತು ಹಿಡಿದರೆ ಅಪ್ಪ ಬಾಯಿ ತೆರೆಯಲಿಲ್ಲ. ಅವ್ವನ ಕೈಯಿಂದ ತಿಂದರು. ಸೆಲ್ಲು ಹುಡುಕಿ ಕೊಡಲು ಹೋದರೆ ಕೈ ಮುಚ್ಚಿಕೊಂಡರು. ಎರಡನ್ನೂ ಕಿಟಕಿಯ ಕಟ್ಟೆಯ ಮೇಲೆ, ಅವರಿಗೆ ಕಾಣುವಂತೆ ಇಟ್ಟೆ; ಖಾಲಿ ರಿಮೋಟು ಅವರ ಮಗ್ಗುಲಲ್ಲೇ ಇತ್ತು.

ಆ ರಾತ್ರಿ ಅವರು ಕರೆಯಲಿಲ್ಲ. ಸೆಲ್ಲು ಇಲ್ಲದಿದ್ದರೇನು, ಮಂಚಕ್ಕೆ ಬಡಿಯಬಹುದಿತ್ತು, ಬಡಿಯಲಿಲ್ಲ. ನಾವು ಮೂವರೂ ಕತ್ತಲಲ್ಲಿ ಕಿವಿಗೊಟ್ಟು ಮಲಗಿದ್ದೆವು. "ಈಗ ಬಡೀತಾರ ನೋಡ," ಎಂದ ಅಣ್ಣ ಒಮ್ಮೆ. ಅದರ ಮುಂದೆ ನನಗೇನೂ ನೆನಪಿಲ್ಲ.

ಎಚ್ಚರವಾದದ್ದು ಬಾಗಿಲು ಬಡಿಯುವ ಸದ್ದಿಗೆ. ಬಿಸಿಲು ಅಂಗಳದ ನಡುವಿಗೆ ಬಂದಿತ್ತು. ಹಾಲಿನವಳು ಹೊರಗೆ ಕೂಗುತ್ತಿದ್ದಳು: "ಏನ್ರವ್ವಾ, ಮನ್ಯಾಗ ಅದೀರೋ ಇಲ್ಲೋ? ಮೂರನೇ ಸಲ ಬಂದ್ನಿ, ಹಾಲ ಮಸರಾದ್ರ ನನ್ನ ಕೇಳಬ್ಯಾಡ್ರಿ!"

ನಾನು ಎದ್ದು ಓಡಿದ್ದು ಬಾಗಿಲಿಗಲ್ಲ. ಅಪ್ಪ ಗೋಡೆಯ ಕಡೆ ಮುಖ ಮಾಡಿ, ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ಹಿಂದಿನ ಸಂಜೆ ಹೊದಿಸಿದ ಹೊದಿಕೆ ಹಾಗೇ ಇತ್ತು. ಉಸಿರು ಎಣಿಸುತ್ತ ನಿಂತೆ. ನನ್ನ ಹೆಜ್ಜೆಯ ಸದ್ದಿಗೋ, ಹಾಲಿನವಳ ಗದ್ದಲಕ್ಕೋ ಕಣ್ಣು ತೆರೆದರು. ಎಲ್ಲಿದ್ದೇನೆಂದು ತಿಳಿಯದ ಹಾಗೆ ಸ್ವಲ್ಪ ಹೊತ್ತು ಸೂರು ನೋಡಿದರು. ಆಮೇಲೆ ನನ್ನನ್ನು ನೋಡದೆಯೇ ಎಡಗೈ ಚಾಚಿ ಅಂಗೈ ಬಿಡಿಸಿದರು.

ಕಟ್ಟೆಯ ಮೇಲಿನ ಸೆಲ್ಲುಗಳಿಗೆ ಆಗಲೇ ಬಿಸಿಲು ತಾಗಿತ್ತು. ಎರಡನ್ನೂ ಕೊಟ್ಟೆ. ರಿಮೋಟನ್ನು ಹೊಟ್ಟೆಯ ಮೇಲೆ ಬೋರಲು ಇಟ್ಟುಕೊಂಡು ಒಂದೇ ಹೆಬ್ಬೆರಳಿನಿಂದ ಒಂದು ಸೆಲ್ಲು ಕೂರಿಸಿದರು. ಎರಡನೆಯದು ಉಲ್ಟಾ ಆಯಿತು. ನನ್ನ ಕೈ ತಾನಾಗಿ ಮುಂದೆ ಹೋಯಿತು. ಅವರು ರಿಮೋಟನ್ನು ಎದೆಯ ಕಡೆ ಎಳೆದುಕೊಂಡರು. ಉಗುರಿನಿಂದ ಎಬ್ಬಿಸಿ, ತಿರುಗಿಸಿ, ಮತ್ತೆ ಒತ್ತಿದರು. ಮುಚ್ಚಳ ಸರಿಸಿ ಹಾಕಲು ಮೂರು ಸಲ ಬೇಕಾಯಿತು. ಅಷ್ಟು ಹೊತ್ತೂ ನಾನು ಅಲ್ಲೇ ನಿಂತಿದ್ದೆ. ಹೊರಗೆ ಅವ್ವ ಹಾಲಿನವಳ ಜೊತೆ ಜಗಳಕ್ಕೆ ಇಳಿದಿದ್ದಳು, ಅಣ್ಣ ರೈಲು ತಪ್ಪಿತೆಂದು ಅಂಗಿ ಹುಡುಕುತ್ತಿದ್ದ.

ಅಪ್ಪ ಒತ್ತಿದರು. ತಿರುಪು ಗುರ್‍ರ್ ಎಂದಿತು. ಒಂದು ಸಲ ದನಿ ಏರಿ ಇಳಿಯಿತು.

"ಇಲ್ಲೇ ಅದೀನ್ರಿ, ಅಪ್ಪಾ," ಎಂದೆ.

ಅವರು ಇನ್ನೂ ಸಿಟ್ಟಿನಲ್ಲೇ ಇದ್ದರು. ಎರಡು ಸಲ ಏರಿಸಿದರು. ನಾನು ನೀರು ತರಲು ಹೋದೆ.